ಕಲ್ಲಿನ ಮೇಲಣ ಗೆಲುವು, ಮಣೆಯ ಮೇಲಣ ಗೆಲುವು

ಚಾಲುಕ್ಯರ ದೊರೆ ಒಂದನೆಯ ಪುಲಕೇಶಿಯು ಶಕವರ್ಷ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ವಾತಾಪಿಯ, ಎಂದರೆ ಇಂದಿನ ಬಾದಾಮಿಯ, ಕೆಂಗಲ್ಲ ಬೆಟ್ಟವನ್ನು ದುರ್ಗವನ್ನಾಗಿ ಮಾಡಿ ಆ ಸಂಗತಿಯನ್ನು ಅದೇ ಬೆಟ್ಟದ ಬಂಡೆಯ ಮೇಲೆ ಕೊರೆಯಿಸಿದಂದಿನಿಂದ ಮೊದಲ್ಗೊಂಡು, ಜಯಾಪಜಯಗಳನ್ನು ಕಲ್ಲಿಗೆ ಒಪ್ಪಿಸಿಬಿಡುವ ಪದ್ಧತಿಯು ಬಾದಾಮಿಯ ಸೀಮೆಯಲ್ಲಿ ಬೇರೂರಿತು. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿಯು ಶಕವರ್ಷ 556ರಲ್ಲಿ ಬರೆಯಿಸಿದ ಪ್ರಶಸ್ತಿಯನ್ನು ನಿಧಾನವಾಗಿ ಓದಿದವರಿಗೆ, ಬನವಾಸಿಯ ಕದಂಬರು, ಗಂಗರು, ಆಳುಪರು, ಕೊಂಕಣದ ಮೌರ್ಯರು, ಲಾಟರು, ಮಾಳವರು, ಗೂರ್ಜರರು, ಕಡೆಗೆ ಉತ್ತರಾಪಥದ ಒಡೆಯನಾದ ಹರ್ಷನೂ ಸೇರಿ, ಇಮ್ಮಡಿ ಪುಲಕೇಶಿಗೆ ಸೋತವರ ಹೆಸರುಗಳು ಒಂದರ ಹಿಂದೊಂದಾಗಿ ಸಾಲುಗಟ್ಟಿ ಬರುವ ಆ ಕ್ರಮವು, ಚದುರಂಗದ ಪಂದ್ಯಾವಳಿಯ ಕೊನೆಯ ದಿನ ಸಭಾಂಗಣದ ಬಾಗಿಲಿಗೆ ಅಂಟಿಸುವ ಫಲಿತಾಂಶದ ಪಟ್ಟಿಯನ್ನು ನೆನಪಿಗೆ ತಂದರೆ ಅದರಲ್ಲಿ ಸೋಜಿಗವೇನೂ ಇಲ್ಲ. ಪಟ್ಟಿಯಲ್ಲಿ ಗೆದ್ದವನ ಹೆಸರು ಒಂದೇ. ಬರೆದ ಕವಿಯು ತನ್ನ ಹೆಸರನ್ನು ಕಾಳಿದಾಸ ಭಾರವಿಗಳ ಪಕ್ಕದಲ್ಲಿ ಇಟ್ಟುಕೊಂಡದ್ದು ಮಾತ್ರ ಪಟ್ಟಿಗೆ ಹೊರಗಿನ ಉತ್ಸಾಹ.

ಆದರೆ ಹಾಗೆ ಬರೆಯಿಸಿದವನು ಯಾವಾಗಲೂ ಗೆದ್ದವನೇ ಎಂಬುದನ್ನು ಮರೆಯುವಂತಿಲ್ಲ. ಕ್ರಿ.ಶ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮನು ವಾತಾಪಿಯನ್ನು ಹಿಡಿದಾಗ, ಬಾದಾಮಿಯ ಸೋಲನ್ನು ಬಾದಾಮಿಯವರು ಬರೆಯಲಿಲ್ಲ. ಪಲ್ಲವನೇ ತನ್ನ ಆಳ್ವಿಕೆಯ ಹದಿಮೂರನೆಯ ವರ್ಷದಲ್ಲಿ ಬಾದಾಮಿಯ ಬಂಡೆಯ ಮೇಲೆ ತನ್ನ ನಾಡಿನ ಲಿಪಿಯಲ್ಲಿ ಅದನ್ನು ಕೆತ್ತಿಸಿಹೋದನು. ಇದಕ್ಕೆ ಉತ್ತರವೆಂಬಂತೆ, ನೂರು ವರುಷಗಳ ಬಳಿಕ ಇಮ್ಮಡಿ ವಿಕ್ರಮಾದಿತ್ಯನು ಕಾಂಚಿಯನ್ನು ಹೊಕ್ಕು, ಅಲ್ಲಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಮರಳಿ ಒಪ್ಪಿಸಿ, ಆ ಸಂಗತಿಯನ್ನು ಕಾಂಚಿಯ ಕಲ್ಲಿನ ಮೇಲೆ ಕನ್ನಡದಲ್ಲಿ ಬರೆಯಿಸಿದನು. ಆತನ ಅರಸಿ ಲೋಕಮಹಾದೇವಿಯು ಈ ವಿಜಯದ ಸ್ಮರಣೆಗಾಗಿ ಪಟ್ಟದಕಲ್ಲಿನಲ್ಲಿ ಎತ್ತಿಸಿದ ದೇವಾಲಯವೇ ಇಂದು ವಿರೂಪಾಕ್ಷನದೆಂದು ಹೆಸರಾಗಿದೆ. ಎದುರಾಳಿಯ ನೆಲದ ಮೇಲೆ ಗೆದ್ದು ಎದುರಾಳಿಯ ಕಲ್ಲಿನ ಮೇಲೆಯೇ ಬರೆಯುವುದರಲ್ಲಿ ಒಂದು ವಿಶೇಷವಾದ ತೃಪ್ತಿ ಇದ್ದಿರಬೇಕು.

ಇಷ್ಟೆಲ್ಲ ಬರೆದ ನಾಡು, ಅದೇ ಯುದ್ಧವನ್ನು ಅರುವತ್ತನಾಲ್ಕು ಮನೆಗಳಲ್ಲಿ ಆಡಿ ಮುಗಿಸುವ ಆಟದ ಗೆಲುವನ್ನು ಎಲ್ಲಿಯೂ ಬರೆದಿಡಲಿಲ್ಲ. ಚದುರಂಗವು ಈ ಚಾಲುಕ್ಯರ ಕಾಲಕ್ಕೆ ಹೊರಗಿನದೆಂದು ಹೇಳಬರುವಂತಿಲ್ಲ. ಈ ಆಟದ ಅತಿ ಪ್ರಾಚೀನವಾದ ನಿಸ್ಸಂದಿಗ್ಧ ಉಲ್ಲೇಖಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುವ ಮಾತು ದೊರೆಯುವುದು ಬಾಣಭಟ್ಟನ ಹರ್ಷಚರಿತದಲ್ಲಿ. ಹರ್ಷನ ರಾಜ್ಯದಲ್ಲಿ ಶಾಂತಿ ಎಷ್ಟು ನೆಲೆಸಿತ್ತೆಂದರೆ ಚತುರಂಗದ, ಎಂದರೆ ನಾಲ್ಕು ಅಂಗಗಳ ಸೇನೆಯ, ವಿನ್ಯಾಸವು ಅಷ್ಟಾಪದವೆಂಬ ಮಣೆಯ ಮೇಲೆ ಮಾತ್ರ ಉಳಿದಿತ್ತೆಂಬ ಅರ್ಥದ ಚಮತ್ಕಾರವನ್ನು ಬಾಣನು ಅಲ್ಲಿ ಮಾಡುತ್ತಾನೆ. ಆ ಹರ್ಷನ ಆನೆ, ಕುದುರೆ, ಕಾಲಾಳುಗಳನ್ನು ಮಣೆಯ ಮೇಲಲ್ಲ, ನೆಲದ ಮೇಲೆ ಎದುರಿಸಿ ಹಿಂದಿರುಗಿಸಿದವನು ನಮ್ಮ ವಾತಾಪಿಯ ದೊರೆ ಎಂಬುದನ್ನು ನೆನೆದಾಗ, ಬಾಣನ ಚಮತ್ಕಾರಕ್ಕೆ ದಕ್ಷಿಣದ ಓದುಗನು ಸ್ವಲ್ಪ ನಗದೆ ಇರಲಾರನು.

ಪಾರಸಿಕರ ಕಡೆಯಿಂದ ನೋಡಿದರೂ ಕಾಲವು ಹೊಂದುತ್ತದೆ. ಪಹ್ಲವಿ ಭಾಷೆಯ ಒಂದು ಸಣ್ಣ ಗ್ರಂಥದ ಪ್ರಕಾರ, ಭಾರತದ ಒಬ್ಬ ರಾಜನು ಹದಿನಾರು ಪಚ್ಚೆಯ ಕಾಯಿಗಳನ್ನೂ ಹದಿನಾರು ಕೆಂಪಿನ ಕಾಯಿಗಳನ್ನೂ ದೊರೆ ಖುಸ್ರು ಅನುಶಿರ್ವಾನನ ಆಸ್ಥಾನಕ್ಕೆ ಕಳುಹಿಸಿ, ಆಟದ ಮರ್ಮವನ್ನು ಬಿಡಿಸಿರಿ, ಇಲ್ಲವಾದರೆ ಕಪ್ಪ ಕೊಡಿರಿ ಎಂದು ಸವಾಲು ಹಾಕಿದನು; ಖುಸ್ರುವಿನ ಮಂತ್ರಿಯು ಅದನ್ನು ಬಿಡಿಸಿದ್ದಲ್ಲದೆ, ಅದಕ್ಕೆ ಪ್ರತಿಯಾಗಿ ದಾಳದ ಆಟವೊಂದನ್ನು ರಚಿಸಿ ಕಳುಹಿಸಿದನು. ಕಥೆ ಕಥೆಯೇ ಸರಿ. ಆದರೆ ಆ ಖುಸ್ರು 531ರಿಂದ 579ರ ವರೆಗೆ ಆಳಿದವನು, ಎಂದರೆ ಬಾದಾಮಿಯ ಕೋಟೆಯ ಕಲ್ಲುಗಳು ಏಳುತ್ತಿದ್ದ ಕಾಲದವನು. ಅವನ ಮೊಮ್ಮಗನಾದ ಇಮ್ಮಡಿ ಖುಸ್ರುವಿಗೂ ಇಮ್ಮಡಿ ಪುಲಕೇಶಿಗೂ ಓಲೆಗಳ ವಿನಿಮಯವಾಗಿತ್ತೆಂದು ಅರಬ್ಬೀ ಚರಿತ್ರಕಾರ ತಬರಿಯ ಬರಹದ ಆಧಾರದಿಂದ ಊಹಿಸಲಾಗಿದೆ. ಅಜಂತೆಯ ಒಂದನೆಯ ಗುಹೆಯ ಚಿತ್ರವೊಂದನ್ನು ಈ ರಾಯಭಾರಕ್ಕೆ ಜೋಡಿಸುವ ಹಳೆಯ ವಾಡಿಕೆಯನ್ನು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಒಪ್ಪದಿರುವುದೇ ನನಗೂ ಲೇಸೆನಿಸುತ್ತದೆ.

ಚದುರಂಗದ ಕಾಯಿಗಳಲ್ಲಿ ಆನೆಯೂ ಒಂದು. ವಾತಾಪಿಯ ಸೈನ್ಯದ ಆನೆಗಳ ವಿಷಯವಾಗಿ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಬರೆದದ್ದನ್ನು ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ: ಈ ರಾಜನ ಬಳಿ ಯುದ್ಧಕ್ಕೆ ಮೊದಲು ಮದ್ಯಪಾನ ಮಾಡಿ ಮುನ್ನುಗ್ಗುವ ನೂರಾರು ಭಟರಿದ್ದಾರೆ, ಆನೆಗಳಿಗೂ ಅದನ್ನೇ ಕುಡಿಸುತ್ತಾರೆ, ಆದುದರಿಂದ ಎದುರು ನಿಲ್ಲುವವರು ಯಾರೂ ಇಲ್ಲ ಎಂದು ಆತನ ಅಭಿಪ್ರಾಯ. ಮಣೆಯ ಮೇಲಿನ ಆನೆಗೆ ಇಂಥ ಸೌಕರ್ಯವಿಲ್ಲ. ಅದು ಬಲು ಸಾವಧಾನದ ಪ್ರಾಣಿ. ಆಟದ ಆರಂಭದಲ್ಲಿ ಮೂಲೆಯನ್ನು ಬಿಟ್ಟು ಕದಲದು.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದಾಗ ಚದುರಂಗದ ವಿಷಯದ ಈ ಮೌನವು ಅರ್ಧ ಮುರಿಯುತ್ತದೆ. 1126ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ರಾಜ್ಯವನ್ನು ಗಳಿಸುವ ಮತ್ತು ಸ್ಥಿರಗೊಳಿಸುವ ಉಪಾಯಗಳಿಂದ ಹಿಡಿದು ಅಡುಗೆ, ಸಂಗೀತ, ಮಲ್ಲಯುದ್ಧ, ಕೋಳಿಯ ಕಾಳಗದ ವರೆಗೆ, ಅರಸನೊಬ್ಬನು ಅರಿಯಬೇಕಾದುದೆಲ್ಲವೂ ನೂರು ಅಧ್ಯಾಯಗಳಲ್ಲಿ ಅಡಕವಾಗಿದೆ. ಅಲ್ಲಿ ಚತುರಂಗಕ್ಕೂ ಒಂದು ಪ್ರಕರಣವಿದೆ, ಕಾಯಿಗಳನ್ನು ನಿಲ್ಲಿಸುವ ಬಗೆ, ನಡೆಸುವ ಬಗೆ ಎಲ್ಲವನ್ನೂ ದೊರೆಯೇ ವಿವರಿಸುತ್ತಾನೆ. ಆಟದ ಶಾಸ್ತ್ರವನ್ನು ಅರಸನು ಬರೆದನೆಂಬುದು ಕನ್ನಡ ನಾಡಿನ ಹೆಮ್ಮೆಯೇ ಸರಿ. ಆದರೆ ಆ ಅರಸನೊಡನೆ ಎದುರು ಕುಳಿತು ಆಡಿದವರು ಯಾರು, ಅವರಲ್ಲಿ ಯಾರಾದರೂ ಎಂದಾದರೂ ಅರಸನಿಗೆ ಶಹ ಕೊಡುವ ಧೈರ್ಯ ಮಾಡಿದರೇ ಎಂಬ ಬಗ್ಗೆ ಗ್ರಂಥವು ತುಟಿಪಿಟಕ್ಕೆನ್ನುವುದಿಲ್ಲ. ಶಾಸ್ತ್ರವು ಉಳಿಯಿತು, ಆಟಗಾರನು ಉಳಿಯಲಿಲ್ಲ. ಕಾಶ್ಮೀರದ ರುದ್ರಟನಿಂದ ಮೊದಲಾಗಿ ವೇದಾಂತ ದೇಶಿಕರ ವರೆಗಿನ ಚಿತ್ರಕವಿಗಳು ಕುದುರೆಯ ನಡೆಯಲ್ಲಿ ಅಕ್ಷರಗಳನ್ನು ಹೊಂದಿಸಿ ಶ್ಲೋಕ ಕಟ್ಟಿದ್ದನ್ನು ನೋಡಿದರೆ, ಪಂಡಿತರಿಗೆ ಆಟಕ್ಕಿಂತ ಮಣೆಯ ಗಣಿತವೇ ಹೆಚ್ಚು ರುಚಿಸಿತ್ತೆಂದು ತೋರುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಪರಂಪರೆಯ ಕೊನೆಯ ದೊಡ್ಡ ಹೆಸರು. 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ 1868ರ ವರೆಗೆ ದೊರೆತ ದೀರ್ಘ ವಿರಾಮದಲ್ಲಿ, ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸುವುದರಲ್ಲಿಯೂ ಗಂಜೀಫದ ಹೊಸ ಹೊಸ ಆಟಗಳನ್ನು ಕಲ್ಪಿಸುವುದರಲ್ಲಿಯೂ ಅವರ ಪ್ರತಿಭೆ ತೊಡಗಿತು.

ಜನಸಾಮಾನ್ಯರ ಆಟವು ಇದರ ಕೆಳಗೆ ತನ್ನ ಪಾಡಿಗೆ ತಾನು ನಡೆದಿತ್ತು. ಇಳಕಲ್ಲು, ಹುನಗುಂದ, ಗುಳೇದಗುಡ್ಡಗಳ ಕಟ್ಟೆಗಳ ಮೇಲೆ ಪಗಡಿಯ ಹಾಸು ಬಿಚ್ಚಿದರೆ ನೆರೆಯುವಷ್ಟು ಜನ ಚದುರಂಗಕ್ಕೆ ಎಂದೂ ನೆರೆದವರಲ್ಲ, ಪಗಡಿಗೆ ಗದ್ದಲ ಬೇಕು, ಚದುರಂಗಕ್ಕೆ ಮೌನ ಬೇಕು. ಆದರೂ ಮರಾಠಿಗರು ಬುದ್ಧಿಬಲವೆಂದು ಕರೆಯುವ ಈ ಆಟವನ್ನು ಬಲ್ಲವರು ಈ ಸೀಮೆಯಲ್ಲಿದ್ದರು. ಅವರು ಆಡಿದ್ದು ಇಂದಿನ ನಿಯಮಗಳಲ್ಲಿ ಅಲ್ಲ. ದೇಶೀ ಪದ್ಧತಿಯಲ್ಲಿ ಪ್ಯಾದೆಯು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದಿಡುತ್ತಿತ್ತು. ರಾಜನು ಕೋಟೆ ಕಟ್ಟಿಕೊಳ್ಳುತ್ತಿರಲಿಲ್ಲ, ಅದಕ್ಕೆ ಬದಲಾಗಿ ಶಹ ಬೀಳುವುದಕ್ಕೆ ಮುಂಚೆ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದಾಗಿತ್ತು. ಕೊನೆಯ ಸಾಲನ್ನು ಮುಟ್ಟಿದ ಪ್ಯಾದೆಯು ತಾನು ಮುಟ್ಟಿದ ಮನೆಗೆ ಸಲ್ಲುವ ಕಾಯಿಯೇ ಆಗಬೇಕಿತ್ತು. ಪ್ಯಾದೆಯಿಂದ ರಾಜನನ್ನು ಕಟ್ಟಿಹಾಕುವುದು ಎಲ್ಲಕ್ಕಿಂತ ಮೇಲಾದ ಗೆಲುವು. ಊರಿಂದೂರಿಗೆ ಈ ನಿಯಮಗಳು ತುಸು ತುಸು ಬೇರೆಯಾಗುತ್ತಿದ್ದುದರಿಂದ, ಎರಡು ಊರಿನವರು ಎದುರು ಕೂತರೆ ಮೊದಲ ಕದನವು ಮಣೆಯ ಮೇಲಲ್ಲ, ನಿಯಮದ ಮೇಲೆ.

ಬರೆಯದ ಆಟಗಾರನಿಗೆ ಏನಾಗುತ್ತದೆ, ಬರೆದವನಿಗೆ ಎದುರು ಕುಳಿತ ಆಟಗಾರನಿಗೆ ಏನಾಗುತ್ತದೆ ಎಂಬುದಕ್ಕೆ ಕಲಕತ್ತೆಯ ಒಂದು ಪ್ರಸಂಗವೇ ಸಾಕು. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿ ವಕೀಲಿ ಮಾಡುತ್ತಿದ್ದ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನವನು ಯುರೋಪಿನ ಒಳ್ಳೆಯ ಆಟಗಾರರಲ್ಲಿ ಒಬ್ಬ. ಅವನಿಗೆ ಎದುರಾಳಿಗಳು ಸಾಲದಾಗಿ, ಬಂಗಾಳದ ಒಳನಾಡಿನಲ್ಲಿ ಸೋಲನ್ನೇ ಕಾಣದ ಬ್ರಾಹ್ಮಣನೊಬ್ಬನಿದ್ದಾನೆಂಬ ವದಂತಿಯನ್ನು ಬೆನ್ನಟ್ಟಿ, ಮಹೇಶಚಂದ್ರ ಬ್ಯಾನರ್ಜಿಯನ್ನು ಕಲಕತ್ತೆಗೆ ಕರೆತರಲಾಯಿತು. ಅವರಿಬ್ಬರೂ ವರ್ಷಗಳ ಕಾಲ ಆಡಿದರು. ನೂರಾರು ಆಟಗಳ ನಡೆಗಳನ್ನು ಕಾಕ್ರೇನ್ ಬರೆದಿಟ್ಟನು. ಕೆಲವು ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದವು. ಮಹೇಶಚಂದ್ರನು ಯುರೋಪಿನ ನಿಯಮಗಳನ್ನು ಕಲಿತರೂ, ದೇಶೀ ಆಟದ ಒಂದು ಮನೆಯ ಪ್ಯಾದೆ ಅವನ ಕೈಯಲ್ಲಿ ಉಳಿದೇ ಇತ್ತು. ಅವನು ಪ್ಯಾದೆಗಳನ್ನು ಸಾವಕಾಶವಾಗಿ ಸರಿಸಿ, ಒಂಟೆಯನ್ನು ಪಕ್ಕದಿಂದ ಹೊರತಂದು, ಎದುರಾಳಿಯ ಪ್ಯಾದೆಗಳು ನಡುವೆ ನುಗ್ಗಿ ಬರಲೆಂದು ಕಾಯುತ್ತಿದ್ದನು. ಅಂದಿನ ಯುರೋಪಿಗೆ ವಿಲಕ್ಷಣವಾಗಿ ಕಂಡ ಆ ರೀತಿಯೇ ಇಂದು ಜಗತ್ತಿನ ಶ್ರೇಷ್ಠ ಆಟಗಾರರು ಕೈಹಿಡಿದಿರುವ ‘ಇಂಡಿಯನ್’ ರಕ್ಷಣೆಗಳ ಮೂಲ. ಕಾಕ್ರೇನ್ ಬಹುಪಾಲು ಆಟಗಳನ್ನು ಗೆದ್ದನು. ಆದರೆ ಮಹೇಶಚಂದ್ರನ ಹೆಸರು ಉಳಿದುದು ಸೋಲು ಗೆಲುವಿನಿಂದಲ್ಲ, ಎದುರಿಗಿದ್ದವನ ಕೈಯಲ್ಲಿ ಲೇಖನಿ ಇದ್ದುದರಿಂದ. ಕಲಾದಗಿಯಲ್ಲಿಯೂ ಜಮಖಂಡಿಯಲ್ಲಿಯೂ ಅಂಥ ಬ್ರಾಹ್ಮಣನೋ ಬಣಜಿಗನೋ ನೇಕಾರನೋ ಇದ್ದಿರಲಾರನೆಂದು ಯಾರು ಹೇಳಬಲ್ಲರು? ಜಿಲ್ಲೆಯ ಕಚೇರಿ 1880ರ ದಶಕದಲ್ಲಿ ವಿಜಾಪುರಕ್ಕೆ ಹೋಗುವ ತನಕ ಕಲಾದಗಿಯಲ್ಲಿಯೇ ಇತ್ತು; ಅಲ್ಲಿ ಲೇಖನಿ ಹಿಡಿದ ಸಾಹೇಬರಿಗೆ ಕಂದಾಯದ ಲೆಕ್ಕವೇ ಸಾಕಷ್ಟಾಗಿತ್ತೆಂದು ಕಾಣುತ್ತದೆ.

ಈ ಸೀಮೆಗೆ ಹತ್ತಿರದ ಚದುರಂಗದ ತವರು ಯಾವುದೆಂದರೆ, ಕೃಷ್ಣೆಯ ದಂಡೆಯ ಸಾಂಗ್ಲಿ. ಇದನ್ನು ಹೊರನಾಡೆಂದು ಎಣಿಸುವುದು ಇಂದಿನ ನಕಾಶೆಯನ್ನು ನೋಡಿದವರ ಮಾತು. ಸಾಂಗ್ಲಿಯ ಪಟವರ್ಧನರೂ ಜಮಖಂಡಿಯ ಪಟವರ್ಧನರೂ ಒಂದೇ ಮನೆತನದ ಕವಲುಗಳು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ತೇರದಾಳವು ಸಾಂಗ್ಲಿ ಸಂಸ್ಥಾನದ ತಾಲೂಕಾಗಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕರಗಿ, 1956ರಲ್ಲಿ ಕನ್ನಡದ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಬಂದ ಮೇಲೆಯೇ ನಡುವೆ ಗೆರೆ ಬಿದ್ದದ್ದು. ಆ ಸಾಂಗ್ಲಿಯಲ್ಲಿ 1941ರಲ್ಲಿ ಭಾವೂಸಾಹೇಬ ಪಡಸಲಗೀಕರರು ನೂತನ ಬುದ್ಧಿಬಲ ಮಂಡಳವನ್ನು ಕಟ್ಟಿದರು. ಹುಡುಗರಿಗೂ, ಅದಕ್ಕಿಂತ ವಿಶೇಷವಾಗಿ ಹುಡುಗಿಯರಿಗೂ ಆಟ ಕಲಿಸಿದ ಆ ಊರಿನಿಂದ ಭಾಗ್ಯಶ್ರೀ ಸಾಠೆ, ಸ್ವಾತಿ ಘಾಟೆ ಮೊದಲಾದ ಹೆಸರಾಂತ ಆಟಗಾರ್ತಿಯರು ಹೊರಬಂದರು. ರಾಜರ ಓಲಗದಿಂದ ಹೊರಬಿದ್ದ ಆಟಕ್ಕೆ ಒಂದು ಬಾಡಿಗೆಯ ಕೋಣೆ, ನಾಲ್ಕು ಮಣೆ, ಒಬ್ಬ ಹಠವಾದಿ ಮೇಷ್ಟರು ಇದ್ದರೆ ಸಾಕೆಂಬುದನ್ನು ಮಂಡಳಗಳು ತೋರಿಸಿಕೊಟ್ಟವು.

1924ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪನೆಯಾದ ಫಿಡೆ ಎಂಬ ಜಾಗತಿಕ ಸಂಸ್ಥೆಯ ನಿಯಮಗಳು, 1951ರಲ್ಲಿ ಅಖಿಲ ಭಾರತ ಚದುರಂಗ ಒಕ್ಕೂಟವು ಹುಟ್ಟಿದ ಬಳಿಕ ಮೆಲ್ಲಮೆಲ್ಲನೆ ಊರೂರಿಗೆ ಬಂದವು. 1955ರಲ್ಲಿ ಆಂಧ್ರದ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದು, ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಇಬ್ಬರೂ ಸಮಸಮವಾಗಿ ಮೊದಲ ಸ್ಥಾನವನ್ನು ಹಂಚಿಕೊಂಡರು. ದೇಶೀ ನಿಯಮಗಳು ಹೋದವು. ಹೋದುದಕ್ಕೆ ಹಳಬರು ವ್ಯಸನಪಟ್ಟರೂ, ಬಾದಾಮಿಯ ಹುಡುಗನೂ ಬುಡಾಪೆಸ್ಟಿನ ಹುಡುಗನೂ ನಿಯಮಕ್ಕಾಗಿ ಜಗಳವಾಡದೆ ಎದುರು ಕೂರಬಹುದಾಯಿತೆಂಬುದು ಸಣ್ಣ ಲಾಭವಲ್ಲ.

ಕನ್ನಡ ನಾಡಿನ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರರು; ಅವರಿಗೆ ಆ ಪದವಿ 2017ರಲ್ಲಿ ದೊರೆಯಿತು. ಅವರ ಹಿಂದೆಯೇ ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಬಂದರು. ಮಾನಸೋಲ್ಲಾಸದ ನಾಡಿಗೆ ಇದು ತಡವಾಗಿ ಬಂದ ಮನ್ನಣೆ. ನೆರೆಯ ಮದರಾಸಿನ ವಿಶ್ವನಾಥನ್ ಆನಂದರು 1988ರಲ್ಲಿಯೇ ಆ ಪದವಿಯನ್ನು ಪಡೆದಿದ್ದರು. 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆಯು ಜಿಲ್ಲೆಯಾದುದರಿಂದ, ಬಾದಾಮಿ, ಹುನಗುಂದ, ಜಮಖಂಡಿ, ಮುಧೋಳಗಳ ಶಾಲೆಯ ಮಕ್ಕಳ ಪಂದ್ಯಗಳು ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ ಏರುವ ಮೆಟ್ಟಿಲು ಹತ್ತಿರವಾಯಿತು. ಈ ಪಂದ್ಯಗಳ ಫಲಿತಾಂಶವು ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ, ಸಹಕಾರಿ ಸಂಘದ ಸಭೆಗೂ ಪೇಟೆಯ ಧಾರಣೆಗೂ ನಡುವೆ, ನಾಲ್ಕು ಸಾಲುಗಳಲ್ಲಿ ಅಚ್ಚಾಗುತ್ತದೆ: ಹೆಸರು, ಶಾಲೆ, ಸ್ಥಾನ. ಸಮಾನ ಅಂಕಗಳಿದ್ದವರನ್ನು ಸುತ್ತುಸುತ್ತಿಗೂ ಎದುರುಬದುರು ಮಾಡುವ ಸ್ವಿಸ್ ಪದ್ಧತಿಯನ್ನು 1895ರಲ್ಲಿ ಜೂರಿಚಿನಲ್ಲಿ ಮೊದಲು ಬಳಸಿದರೆಂದು ಹೇಳುತ್ತಾರೆ. ಈಗ ಆ ಜೋಡಣೆಯನ್ನು ಗಣಕಯಂತ್ರವು ಮಾಡಿಕೊಡುವುದರಿಂದ, ತೀರ್ಪುಗಾರರಿಗೆ ಉಳಿದಿರುವ ಕಷ್ಟ ಹುಡುಗರನ್ನು ಸುಮ್ಮನಿರಿಸುವುದು ಮಾತ್ರ.

ದೀರ್ಘಾವಧಿಯ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ನಡೆಯನ್ನೂ ಎದುರಾಳಿಯ ನಡೆಯನ್ನೂ ಹಾಳೆಯಲ್ಲಿ ಬರೆಯತಕ್ಕದ್ದು, ಆಟ ಮುಗಿದ ಮೇಲೆ ಫಲಿತಾಂಶವನ್ನು ನಮೂದಿಸಿ ಇಬ್ಬರೂ ಎರಡೂ ಹಾಳೆಗಳಿಗೆ ರುಜು ಹಾಕತಕ್ಕದ್ದು ಎಂದು ಫಿಡೆಯ ನಿಯಮ. ಸೋತವನೂ ತನ್ನ ಸೋಲನ್ನು ತನ್ನ ಕೈಯಾರೆ ಬರೆದು ಒಪ್ಪುವ ಈ ಕಟ್ಟಳೆಯು ಅರಸರ ಶಾಸನಗಳಿಗೆ ಗೊತ್ತಿರಲಿಲ್ಲ. ಆದರೆ ಶೀಘ್ರಗತಿಯ ಆಟಗಳಲ್ಲಿ ನಡೆಗಳನ್ನು ಬರೆಯಬೇಕೆಂಬ ಕಡ್ಡಾಯವಿಲ್ಲ. ಒಂದೇ ದಿನದಲ್ಲಿ ಐದಾರು ಸುತ್ತುಗಳನ್ನು ಮುಗಿಸಿ, ಪ್ರಶಸ್ತಿಪತ್ರ ಹಂಚಿ, ಸಂಜೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸಬೇಕಾದ ತಾಲೂಕು ಪಂದ್ಯಗಳು ಶೀಘ್ರಗತಿಯವೇ ಆಗಿರುವುದು ಅನಿವಾರ್ಯ. ಹೀಗಾಗಿ ಹುನಗುಂದದ ಹುಡುಗಿಯೊಬ್ಬಳು ಗೆದ್ದಳೆಂಬ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆನೆಯನ್ನು ಬಲಿಗೊಟ್ಟು ಗೆದ್ದಳೋ, ಪ್ಯಾದೆಯಿಂದ ಕಟ್ಟಿಹಾಕಿ ಗೆದ್ದಳೋ ಎಂಬುದು ಅವಳಿಗೂ ಅವಳ ಎದುರಾಳಿಗೂ ಬಿಟ್ಟರೆ ಮತ್ತಾರಿಗೂ ತಿಳಿಯುವುದಿಲ್ಲ. ಕಡೆಯ ಸುತ್ತಿನ ಮೊದಲ ಮಣೆಯ ಆಟವೊಂದನ್ನಾದರೂ ಯಾರಾದರೂ ಶಿಕ್ಷಕರು ಪಕ್ಕದಲ್ಲಿ ನಿಂತು ಬರೆದುಕೊಳ್ಳುವಂತೆ ಸಂಘಟಕರು ಗೊತ್ತುಮಾಡಿದರೆ, ಅದಕ್ಕೆ ಬೇಕಾದುದು ಒಂದು ಹಾಳೆ, ಒಂದು ಪೆನ್ನು.