ಒಂಬತ್ತು ಪೆನ್ಸಿನ ಅಳಿಲು



ಇತಿಹಾಸದ ಆಕರಗಳು ಯಾವುವು ಎಂದು ಪರೀಕ್ಷೆಯಲ್ಲಿ ಕೇಳಿದರೆ ನೀವು ಶಾಸನ, ತಾಮ್ರಪಟ, ನಾಣ್ಯ, ಕಡತ ಎಂದು ಬರೆಯುತ್ತೀರಿ. ಆ ಪಟ್ಟಿಗೆ ಅಂಚೆಚೀಟಿಯನ್ನೂ ಸೇರಿಸಬಹುದೇ? ಖಂಡಿತ ಸೇರಿಸಬಹುದು. ಅದರ ಮೇಲೆ ಬೆಲೆ ಇರುತ್ತದೆ, ಚಿತ್ರ ಇರುತ್ತದೆ, ಬಿಡುಗಡೆಯಾದ ದಿನಾಂಕ ದಾಖಲೆಯಲ್ಲಿ ಇರುತ್ತದೆ. ಒಂದು ದೇಶ ಆ ದಿನ ಯಾವುದನ್ನು ತನ್ನದೆಂದು ಹೆಮ್ಮೆಯಿಂದ ತೋರಿಸಿಕೊಂಡಿತು ಎಂಬುದನ್ನು ಅಂಚೆಚೀಟಿ ಹೇಳುತ್ತದೆ. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಮಗೆ ಚಿಕ್ಕ ವಸ್ತುವನ್ನು ಕ್ಯಾಮೆರಾದ ಮುಂದಿಟ್ಟು ತೆರೆಯ ತುಂಬ ತೋರಿಸುವ ಅಭ್ಯಾಸ. ಇಂದು ಒಂದು ಅಂಚೆಚೀಟಿಯನ್ನು ಹಾಗೆ ದೊಡ್ಡದು ಮಾಡಿ ನೋಡೋಣ.

1977ರ ಅಕ್ಟೋಬರ್ 5ರಂದು ಬ್ರಿಟನ್ನಿನ ಅಂಚೆ ಇಲಾಖೆ ತನ್ನ ನಾಡಿನ ವನ್ಯಜೀವಿಗಳ ಐದು ಚೀಟಿಗಳನ್ನು ಒಂದೇ ಸಾಲಿನಲ್ಲಿ ಮುದ್ರಿಸಿ ಹೊರತಂದಿತು. ಒಂದೊಂದರ ಬೆಲೆ 9 ಪೆನ್ಸ್. ಚಿತ್ರ ಬರೆದವರು ಪ್ಯಾಟ್ರಿಕ್ ಆಕ್ಸೆನ್‌ಹ್ಯಾಮ್. ಮೈತುಂಬ ಮುಳ್ಳಿರುವ ಪುಟ್ಟ ಹೆಡ್ಜ್‌ಹಾಗ್, ಕಂದು ಮೊಲ, ಕೆಂಪು ಅಳಿಲು, ನೀರುನಾಯಿ ಮತ್ತು ಬ್ಯಾಜರ್, ಇವೇ ಆ ಐದು ಪ್ರಾಣಿಗಳು. ಚೀಟಿಯ ಮೇಲೆ ದೇಶದ ಹೆಸರಿಲ್ಲ, ಮೂಲೆಯಲ್ಲಿ ರಾಣಿಯ ಮುಖಚಿತ್ರ ಮಾತ್ರ ಇದೆ. 1840ರಲ್ಲಿ ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿಯನ್ನು ಹೊರತಂದ ದೇಶ ಅದು. ಆಗ ಹೆಸರು ಹಾಕುವ ಅಗತ್ಯವೇ ಇರಲಿಲ್ಲ. ಆ ಪದ್ಧತಿ ಹಾಗೆಯೇ ಉಳಿದುಕೊಂಡು ಬಂತು.

ಈ ಐದರಲ್ಲಿ ದಂಶಕ ವರ್ಗಕ್ಕೆ ಸೇರಿದ್ದು ಅಳಿಲು ಒಂದೇ. ಜೀವಮಾನವಿಡೀ ಬೆಳೆಯುವ ಬಾಚಿಹಲ್ಲುಗಳಿಂದ ಕಡಿದು ತಿನ್ನುವ ಇಲಿ, ಹೆಗ್ಗಣ, ಅಳಿಲುಗಳ ಗುಂಪೇ ದಂಶಕಗಳು. ಕೆಂಪು ಅಳಿಲು ಎಂದಾಗ ನಮ್ಮ ಮಲೆನಾಡಿನ ಕೆಂಜಳಿಲನ್ನು ನೆನೆಯಬೇಡಿ. ಅದು ಬೇರೆ ಜಾತಿ, ಗಾತ್ರದಲ್ಲಿ ಬಹಳ ದೊಡ್ಡದು. ಚೀಟಿಯಲ್ಲಿರುವ ಯೂರೋಪಿನ ಕೆಂಪು ಅಳಿಲಿನ ತೂಕ ಸುಮಾರು 300 ಗ್ರಾಂ. ಕಿವಿಯ ತುದಿಯಲ್ಲಿ ಕೂದಲಿನ ಕುಚ್ಚು ಇರುವುದು ಅದರ ಗುರುತು.

ಈಗ ಚೀಟಿಯನ್ನು ಪಕ್ಕಕ್ಕಿಟ್ಟು 74 ವರ್ಷ ಹಿಂದಕ್ಕೆ ಹೋಗೋಣ. ಅದು 1903. ಇಂಗ್ಲೆಂಡಿನಲ್ಲಿ ಬಿಯಾಟ್ರಿಕ್ಸ್ ಪಾಟರ್ ಎಂಬ ಲೇಖಕಿ ನಟ್‌ಕಿನ್ ಎಂಬ ತುಂಟ ಕೆಂಪು ಅಳಿಲಿನ ಕಥೆಯನ್ನು ಸ್ವತಃ ಚಿತ್ರ ಬರೆದು ಪ್ರಕಟಿಸಿದರು. ಮಕ್ಕಳು ಆ ಅಳಿಲನ್ನು ಬಹಳ ಮೆಚ್ಚಿಕೊಂಡರು. ಅದೇ 1903ರಲ್ಲಿ ಸ್ಕಾಟ್ಲೆಂಡಿನ ಜಮೀನುದಾರರು ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್ ಎಂಬ ಸಂಘ ಕಟ್ಟಿದರು. ಅಳಿಲನ್ನು ಕಾಪಾಡುವುದಕ್ಕಲ್ಲ, ಕೊಲ್ಲುವುದಕ್ಕೆ! ನೆಡುತೋಪಿನ ಪೈನ್ ಮರಗಳ ತೊಗಟೆ, ಚಿಗುರುಗಳನ್ನು ಅದು ಕಡಿಯುತ್ತದೆ ಎಂಬುದು ಅವರ ದೂರು. ಕೊಂದವರು ಬಾಲ ತಂದು ತೋರಿಸಿದರೆ ಕೈಗೆ ಹಣ. ಸುಮಾರು ಮೂವತ್ತು ವರ್ಷಗಳಲ್ಲಿ ಸಂಘದ ಲೆಕ್ಕಕ್ಕೆ ಬಂದ ಕೆಂಪು ಅಳಿಲುಗಳು 80,000ಕ್ಕೂ ಹೆಚ್ಚು. ಪುಸ್ತಕದಲ್ಲಿ ಮುದ್ದಿನ ಪ್ರಾಣಿ, ತೋಪಿನಲ್ಲಿ ಪೀಡೆ. ಎರಡೂ ಒಂದೇ ಅಳಿಲು ಎಂಬುದನ್ನು ನೆನಪಿಡಿ.

ಇದಕ್ಕೂ ಮುಂಚೆಯೇ ಇನ್ನೊಂದು ಘಟನೆ ನಡೆದುಹೋಗಿತ್ತು. 1876ರಲ್ಲಿ ಚೆಷೈರ್ ಪ್ರಾಂತದ ಹೆನ್‌ಬರಿಯಲ್ಲಿ ಬ್ರಾಕ್ಲ್‌ಹರ್ಸ್ಟ್ ಎಂಬ ಶ್ರೀಮಂತರು ಅಮೆರಿಕದ ಬೂದು ಅಳಿಲುಗಳನ್ನು ತಮ್ಮ ಉದ್ಯಾನದಲ್ಲಿ ಬಿಟ್ಟರು. 1890ರಲ್ಲಿ ವೋಬರ್ನ್ ಎಸ್ಟೇಟಿಗೂ ಅವು ಬಂದವು. ಅಲ್ಲಿಂದ ಬೆಡ್‌ಫರ್ಡಿನ ಡ್ಯೂಕ್ ಅವುಗಳನ್ನು ಬೇರೆ ಬೇರೆ ಕಡೆಗೆ ಉಡುಗೊರೆಯಾಗಿ ಕಳುಹಿಸಿದರು. ಇದರ ಹಿಂದೆ ದುರುದ್ದೇಶವೇನೂ ಇರಲಿಲ್ಲ. ಹೂದೋಟಕ್ಕೆ ಹೊಸ ಗಿಡ ತರುವಂತೆ ತೋಪಿನ ಅಂದಕ್ಕೆ ಹೊಸ ಪ್ರಾಣಿ ತಂದರು, ಅಷ್ಟೆ. ಬೂದು ಅಳಿಲು ತಾನಾಗಿ ಅಟ್ಲಾಂಟಿಕ್ ಸಾಗರ ದಾಟಿ ಬರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಮುಂದೆ ಏನಾಯಿತು? ಬೂದು ಅಳಿಲಿನ ತೂಕ ಕೆಂಪು ಅಳಿಲಿನ ತೂಕದ ಒಂದೂಮುಕ್ಕಾಲು ಪಟ್ಟು. ಓಕ್ ಮರದ ಕಾಯಿಯನ್ನು ಅದು ಹೆಚ್ಚು ಚೆನ್ನಾಗಿ ಜೀರ್ಣಿಸಿಕೊಳ್ಳಬಲ್ಲದು. ಹೀಗಾಗಿ ಅಗಲ ಎಲೆಯ ಮರಗಳ ಕಾಡಿನಲ್ಲಿ ಮೇಲುಗೈ ಅದರದೇ. ಜೊತೆಗೆ ಅದು ತನ್ನ ಮೈಯಲ್ಲಿ ಒಂದು ವೈರಸ್ಸನ್ನು ಹೊತ್ತಿರುತ್ತದೆ. ಇದರಿಂದ ಬರುವುದು ಸ್ಕ್ವಿರಲ್‌ಪಾಕ್ಸ್ ಎಂಬ ರೋಗ. ಬೂದು ಅಳಿಲಿಗೆ ಸಾಮಾನ್ಯವಾಗಿ ಅದರಿಂದ ಏನೂ ಆಗುವುದಿಲ್ಲ. ಕೆಂಪು ಅಳಿಲಿಗೆ ತಗುಲಿದರೆ ಕಣ್ಣು, ಬಾಯಿಯ ಸುತ್ತ ಹುಣ್ಣಾಗಿ ಹೆಚ್ಚಿನವು ಒಂದೆರಡು ವಾರಗಳಲ್ಲೇ ಸಾಯುತ್ತವೆ. 1937ರಲ್ಲಿ ಬೂದು ಅಳಿಲನ್ನು ತರುವುದನ್ನೂ ಸಾಕುವುದನ್ನೂ ಬ್ರಿಟನ್ ಕಾನೂನಿನ ಮೂಲಕ ನಿಷೇಧಿಸಿತು. 1950ರ ದಶಕದಲ್ಲಿ ಸರ್ಕಾರವೇ ಬೂದು ಅಳಿಲಿನ ಬಾಲಕ್ಕೆ ಶಿಲ್ಲಿಂಗ್ ಲೆಕ್ಕದಲ್ಲಿ ಹಣ ಕೊಟ್ಟಿತು. ಹಿಂದೆ ಕೆಂಪು ಬಾಲಕ್ಕೆ ಬೆಲೆ ಕಟ್ಟಿದ್ದ ದೇಶ ಈಗ ಬೂದು ಬಾಲಕ್ಕೆ ಬೆಲೆ ಕಟ್ಟಿತು. ಆದರೂ ಬೂದು ಅಳಿಲು ಹರಡುವುದು ನಿಲ್ಲಲಿಲ್ಲ.

ಈಗ ಮತ್ತೆ 1977ರ ಚೀಟಿಯನ್ನು ಕೈಗೆತ್ತಿಕೊಳ್ಳಿ. ಆ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನ ಉದ್ಯಾನಗಳಲ್ಲಿ ಮಕ್ಕಳು ದಿನವೂ ಕಾಣುತ್ತಿದ್ದುದು ಬೂದು ಅಳಿಲನ್ನು. ಚೀಟಿಯ ಮೇಲೆ ಬಂದದ್ದು ಕೆಂಪು ಅಳಿಲು. ಎಂದರೆ ಚೀಟಿ ತೋರಿಸಿದ್ದು ಅಂಗಳದಲ್ಲಿದ್ದ ಪ್ರಾಣಿಯನ್ನಲ್ಲ, ಕೈತಪ್ಪಿ ಹೋಗುತ್ತಿದ್ದ ಪ್ರಾಣಿಯನ್ನು. ಕೆಂಪು ಅಳಿಲಿಗೆ ಕಾನೂನಿನ ರಕ್ಷಣೆ ದೊರೆತದ್ದು 1981ರ ವನ್ಯಜೀವಿ ಕಾಯಿದೆಯಿಂದ. ಚೀಟಿಯ ಗೌರವ ಮೊದಲು ಬಂತು, ಕಾಯಿದೆ ನಾಲ್ಕು ವರ್ಷ ತಡವಾಗಿ ಬಂತು.

ಮುಂದಿನ ಚೀಟಿಗಳೂ ಇದೇ ಕಥೆ ಹೇಳುತ್ತವೆ. 1998ರ ಜನವರಿಯಲ್ಲಿ ಬಂದ ಅಳಿವಿನಂಚಿನ ಜೀವಿಗಳ ಮಾಲೆಯಲ್ಲಿ ಡಾರ್‌ಮೌಸ್ ಎಂಬ ಪುಟ್ಟ ದಂಶಕವಿತ್ತು. ಚಳಿಗಾಲವಿಡೀ ನಿದ್ದೆ ಮಾಡುವ ಪ್ರಾಣಿ ಅದು. 2010ರ ಮಾಲೆಯಲ್ಲಿ ಅದರ ಜೊತೆಗೆ ಹಳ್ಳದ ದಂಡೆಯಲ್ಲಿ ಬಿಲ ತೋಡುವ ವಾಟರ್ ವೋಲ್ ಕೂಡ ಬಂತು. ಇದು ಕಡಿಮೆಯಾಗಲು ದೊಡ್ಡ ಕಾರಣ ಮಿಂಕ್ ಎಂಬ ಬೇಟೆಗಾರ ಪ್ರಾಣಿ. ತುಪ್ಪಳಕ್ಕಾಗಿ ಅದನ್ನೂ ಮನುಷ್ಯರೇ ಅಮೆರಿಕದಿಂದ ತಂದು ಸಾಕಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಅದು ಹೊಳೆದಂಡೆ ಸೇರಿತು.

ಹಾಗಾದರೆ ನಾಡಿನದು ಯಾವುದು, ಹೊರಗಿನದು ಯಾವುದು? ಈ ಪ್ರಶ್ನೆಗೆ ಅವಸರದ ಉತ್ತರ ಬೇಡ. 1977ರ ಆ ಸಾಲಿನಲ್ಲೇ ಇದ್ದ ಕಂದು ಮೊಲವನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಮನುಷ್ಯರೇ ಬ್ರಿಟನ್ನಿಗೆ ತಂದಿದ್ದರು ಎನ್ನುತ್ತಾರೆ ವಿಜ್ಞಾನಿಗಳು. 18ನೆಯ ಶತಮಾನದಲ್ಲಿ ಕಾಡು ಕಡಿದು ಸ್ಕಾಟ್ಲೆಂಡಿನ ಬಹುಭಾಗದಲ್ಲಿ ಕೆಂಪು ಅಳಿಲೇ ಇಲ್ಲದಂತಾಗಿತ್ತು. ಆಗ ಇಂಗ್ಲೆಂಡಿನಿಂದ, ಸ್ಕಾಂಡಿನೇವಿಯದಿಂದ ಅದನ್ನು ತಂದು ಮತ್ತೆ ಬಿಡಬೇಕಾಯಿತು. ಹೊರಗಿನಿಂದ ಬಂದಿತು ಎಂಬ ಮಾತ್ರಕ್ಕೆ ಒಂದು ಪ್ರಾಣಿ ಶತ್ರುವಲ್ಲ. ಬಂದ ಪ್ರಾಣಿ ಇದ್ದ ಪ್ರಾಣಿಗೆ ಏನು ಮಾಡುತ್ತದೆ ಎಂಬುದೇ ಇಲ್ಲಿ ಮುಖ್ಯ. 2018ರಲ್ಲಿ ಪ್ರಕಟವಾದ ಅಂದಾಜಿನಂತೆ ಬ್ರಿಟನ್ನಿನಲ್ಲಿ ಕೆಂಪು ಅಳಿಲುಗಳು ಸುಮಾರು 2.87 ಲಕ್ಷ, ಅದರಲ್ಲಿ ಬಹುಪಾಲು ಸ್ಕಾಟ್ಲೆಂಡಿನಲ್ಲಿವೆ. ಬೂದು ಅಳಿಲುಗಳು ಸುಮಾರು 27 ಲಕ್ಷ.

ಕಥೆ ಇಲ್ಲಿಗೆ ಮುಗಿಯಿತೇ? ಇಲ್ಲ. ವೇಲ್ಸ್‌ನ ಆಂಗಲ್‌ಸಿ ದ್ವೀಪದಲ್ಲಿ 1990ರ ದಶಕದ ಕೊನೆಗೆ ಉಳಿದಿದ್ದ ಕೆಂಪು ಅಳಿಲುಗಳು ಸುಮಾರು 40. ಅಲ್ಲಿಯ ಜನ ಸ್ವಯಂಸೇವಕರಾಗಿ ನಿಂತು, ಎಲ್ಲಿ ಯಾವ ಅಳಿಲು ಕಂಡಿತೆಂದು ಸುದ್ದಿ ಕೊಡುತ್ತ, ವರ್ಷಗಟ್ಟಲೆ ಶ್ರಮಿಸಿ ದ್ವೀಪದಿಂದ ಬೂದು ಅಳಿಲುಗಳನ್ನು ತೆಗೆದರು. ಕೆಂಪು ಅಳಿಲುಗಳು ಮತ್ತೆ ನೂರಾರಾದವು. ನಾವು ಅಳಿಲು ಸೇವೆ ಎನ್ನುತ್ತೇವಲ್ಲ, ಇದು ಅಕ್ಷರಶಃ ಅಂಥದು. ಆದರೆ ಇದಕ್ಕಾಗಿ ಬೂದು ಅಳಿಲುಗಳನ್ನು ಕೊಲ್ಲಬೇಕಾಯಿತು. ಇದು ಸರಿಯೇ ಎಂಬ ಚರ್ಚೆ ಅಲ್ಲಿ ಇಂದಿಗೂ ಇದೆ. ನೀವೂ ತರಗತಿಯಲ್ಲಿ ಚರ್ಚಿಸಿ.

ಕೊನೆಯದಾಗಿ ಇನ್ನೊಂದು ಹಾಳೆ. 2004ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಕಾಡುಪ್ರಾಣಿಗಳ ಹತ್ತು ಚೀಟಿಗಳು ಹೊರಬಂದವು. ಅದರಲ್ಲಿ ಕೆಂಪು ಅಳಿಲು ಇದೆ, ಹಳದಿ ಕುತ್ತಿಗೆಯ ಕಾಡಿಲಿ ಇದೆ, ಪೈನ್ ಮಾರ್ಟೆನ್ ಎಂಬ ಮರ ಹತ್ತುವ ಬೇಟೆಗಾರ ಪ್ರಾಣಿಯೂ ಇದೆ. ಕೋಳಿ, ಬೇಟೆಹಕ್ಕಿಗಳನ್ನು ಹಿಡಿಯುತ್ತದೆಂದು ಇದನ್ನೂ ಹಿಂದೆ ಕೊಂದು ಬಹುತೇಕ ಮುಗಿಸಿದ್ದರು. ಐರ್ಲೆಂಡಿನಲ್ಲಿ ನಡೆದ ಅಧ್ಯಯನವೊಂದು 2014ರಲ್ಲಿ ಅಚ್ಚರಿಯ ಸಂಗತಿ ತಿಳಿಸಿತು. ಪೈನ್ ಮಾರ್ಟೆನ್ ಮರಳಿದ ಕಾಡುಗಳಲ್ಲಿ ಬೂದು ಅಳಿಲು ಕಡಿಮೆಯಾಗಿ, ಕೆಂಪು ಅಳಿಲು ತಾನಾಗಿ ಮರಳಿತ್ತು. ಹಾಳೆ ಮುದ್ರಿಸಿದಾಗ ಈ ನಂಟು ಇನ್ನೂ ಬೆಳಕಿಗೆ ಬಂದಿರಲಿಲ್ಲ. ರೋಗಿ ಮತ್ತು ಔಷಧಿ ಒಂದೇ ಹಾಳೆಯಲ್ಲಿದ್ದವು!

ನಿಮ್ಮಲ್ಲಿ ಹಲವರ ಮನೆಯಲ್ಲಿ ಹಳೆಯ ಅಂಚೆಚೀಟಿಗಳ ಆಲ್ಬಂ ಇರಬಹುದು. ಇಂದು ಸಂಜೆ ಅದನ್ನು ತೆಗೆಯಿರಿ. ಪ್ರಾಣಿ ಪಕ್ಷಿಗಳ ಚೀಟಿ ಸಿಕ್ಕರೆ ಬಿಡುಗಡೆಯಾದ ವರ್ಷ ಗುರುತಿಸಿಕೊಂಡು ಮೂರು ಪ್ರಶ್ನೆ ಕೇಳಿ. ಚೀಟಿ ಬರುವ ಮುಂಚೆ ಜನ ಈ ಪ್ರಾಣಿಯನ್ನು ಹೇಗೆ ನಡೆಸಿಕೊಂಡಿದ್ದರು? ಚೀಟಿ ಬಂದ ಮೇಲೆ ಅದರ ಸಂಖ್ಯೆ ಏನಾಯಿತು? ಈಗ ಅದು ಎಲ್ಲಿದೆ? ಮೂರನೆಯ ಪ್ರಶ್ನೆಗೆ ಆಲ್ಬಂನಲ್ಲಿ ಉತ್ತರವಿಲ್ಲ. ಅದಕ್ಕೆ ಹೊರಗೆ ಹೋಗಿ ಮರದ ಕಡೆ ತಲೆಯೆತ್ತಿ ನೋಡಬೇಕು.