ಜಾಲತಾಣದ ನಕಲು: ಹೆಸರಿನಿಂದ ರೂಪದವರೆಗೆ

ಒಂದು ಸಂಸ್ಥೆಯ ಜಾಲತಾಣವನ್ನು ಮತ್ತೊಂದು ಸಂಸ್ಥೆ ನಕಲು ಮಾಡಿದರೆ ಪರಿಹಾರವೇನು ಎಂಬ ಪ್ರಶ್ನೆಗೆ ಭಾರತದ ನ್ಯಾಯಾಲಯಗಳು ಮುಖ್ಯವಾಗಿ 1999ರಿಂದ 2004ರ ನಡುವೆ ಉತ್ತರ ಕಂಡುಕೊಂಡವು. ದೇಶದ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಹೈದರಾಬಾದಿನ ಮಾಧಾಪುರದಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ಉದ್ಘಾಟನೆಯಾದದ್ದು 1998ರ ನವೆಂಬರಿನಲ್ಲಿ. ಅಂತರ್ಜಾಲದ ಹೊಸ ವ್ಯಾಪಾರ ಬೆಳೆದಷ್ಟೇ ವೇಗವಾಗಿ ಅದರ ವ್ಯಾಜ್ಯಗಳೂ ಬೆಳೆದವು. ಅವುಗಳಲ್ಲಿ ಎರಡಕ್ಕೆ ಹೈದರಾಬಾದಿನ ನಂಟಿದೆ.

ಆರಂಭದ ಮುಖ್ಯ ತೀರ್ಪು ದೆಹಲಿ ಹೈಕೋರ್ಟಿನದು. ಅಮೆರಿಕದ ಯಾಹೂ ಕಂಪನಿ, ತನ್ನ ಹೆಸರಿಗೆ ‘ಇಂಡಿಯಾ’ ಎಂಬ ಪದ ಸೇರಿಸಿ ಜಾಲತಾಣ ನಡೆಸುತ್ತಿದ್ದವರ ಮೇಲೆ ದಾವೆ ಹೂಡಿತು. ಹೆಸರಷ್ಟೇ ಅಲ್ಲದೆ ಪುಟದ ವಿನ್ಯಾಸ, ಬಣ್ಣಗಳ ಜೋಡಣೆ, ಒಳಗಿನ ವಿಷಯ ಎಲ್ಲವೂ ನಕಲು ಎಂಬುದು ಅದರ ದೂರು. ಆಗ ಜಾರಿಯಲ್ಲಿದ್ದ 1958ರ ಟ್ರೇಡ್‌ಮಾರ್ಕ್ ಕಾಯಿದೆ ಸರಕುಗಳಿಗೆ ಮಾತ್ರ ಅನ್ವಯಿಸುತ್ತದೆ, ಸೇವೆಗಳಿಗಲ್ಲ ಎಂದು ಪ್ರತಿವಾದಿಗಳು ವಾದಿಸಿದರು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ತನ್ನ ವ್ಯಾಪಾರವನ್ನು ಇನ್ನೊಬ್ಬರದೆಂದು ಬಿಂಬಿಸಿ ಗಿರಾಕಿಯನ್ನು ಸೆಳೆಯಬಾರದೆಂಬ ಹಳೆಯ ‘ಪಾಸಿಂಗ್ ಆಫ್’ ನಿಯಮ ಅಂತರ್ಜಾಲಕ್ಕೂ ಸಲ್ಲುತ್ತದೆಂದು 1999ರ ಫೆಬ್ರವರಿಯಲ್ಲಿ ತಡೆಯಾಜ್ಞೆ ನೀಡಿತು.

1984ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಔಷಧ ಕಂಪನಿ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್‌ಗೂ ಇದೇ ತೊಂದರೆ ಎದುರಾಯಿತು. ಅದರ ಹೆಸರನ್ನು ಹೋಲುವ ಡೊಮೈನ್ ಹೆಸರನ್ನು, ಅಂದರೆ ಜಾಲತಾಣದ ವಿಳಾಸವನ್ನು, ಬೇರೆಯವರು ನೋಂದಾಯಿಸಿಕೊಂಡಿದ್ದರು. 2001ರಲ್ಲಿ ದೆಹಲಿ ಹೈಕೋರ್ಟ್ ಆ ಬಳಕೆಯನ್ನು ನಿರ್ಬಂಧಿಸಿತು. ಡೊಮೈನ್ ಹೆಸರು ಬರಿಯ ವಿಳಾಸವಲ್ಲ, ಅಂಗಡಿಯ ನಾಮಫಲಕದಂತೆ ವ್ಯಾಪಾರದ ಗುರುತೂ ಹೌದು ಎಂಬ ತಿಳಿವಳಿಕೆ ಗಟ್ಟಿಯಾಗತೊಡಗಿತು.

ಈ ತಿಳಿವಳಿಕೆಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದದ್ದು ಬೆಂಗಳೂರಿನಲ್ಲಿ ಹುಟ್ಟಿದ ವ್ಯಾಜ್ಯದಿಂದ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಂಗಸಂಸ್ಥೆ ಸತ್ಯಂ ಇನ್ಫೋವೇ, ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಪದ ಕಟ್ಟಿ 1999ರಲ್ಲಿ ಹಲವು ಡೊಮೈನ್ ಹೆಸರುಗಳನ್ನು ನೋಂದಾಯಿಸಿತು. ಅದೇ ವರ್ಷ ಅಮೆರಿಕದ ನಾಸ್ಡಾಕ್ ಷೇರುಪೇಟೆಯನ್ನೂ ಪ್ರವೇಶಿಸಿತು. 2001ರಿಂದ ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಸಂಸ್ಥೆ, ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚಿದ್ದರೂ ಕಿವಿಗೆ ಒಂದೇ ಆಗಿ ಕೇಳಿಸುವ ಹೆಸರಿನಲ್ಲಿ ಅಂತರ್ಜಾಲ ಮಾರ್ಕೆಟಿಂಗ್ ವ್ಯವಹಾರ ಆರಂಭಿಸಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಸತ್ಯಂ ಪರವಾಗಿ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿ, ಕೆಳಗಿನ ನ್ಯಾಯಾಲಯದ ತಡೆಯಾಜ್ಞೆಯನ್ನು ಮರಳಿ ಜಾರಿಗೆ ತಂದಿತು. ಡೊಮೈನ್ ಹೆಸರಿಗೆ ಟ್ರೇಡ್‌ಮಾರ್ಕಿನ ಲಕ್ಷಣಗಳಿರಬಹುದು, ಸಾಮಾನ್ಯ ಬಳಕೆದಾರನ ಅರೆಬರೆ ನೆನಪಿಗೆ ಗೊಂದಲವಾಗುತ್ತದೆಯೇ ಎಂಬುದೇ ಅಳತೆಗೋಲು ಎಂದು ಸಾರಿತು. ಮರುವರ್ಷವೇ ‘ಡಾಟ್ ಇನ್’ ಹೆಸರುಗಳ ತಕರಾರು ಬಗೆಹರಿಸಲು ಪ್ರತ್ಯೇಕ ಮಧ್ಯಸ್ಥಿಕೆ ವ್ಯವಸ್ಥೆ ಬಂತು.

ಹೆಸರು ಬೇರೆಯಾಗಿದ್ದು ರೂಪ ಮಾತ್ರ ನಕಲಾದಾಗ ನೆರವಿಗೆ ಬರುವುದು 1957ರ ಕೃತಿಸ್ವಾಮ್ಯ ಕಾಯಿದೆ. ಅದರಡಿ ಪುಟದ ಬರಹಕ್ಕೂ ಹಿಂದಿನ ಪ್ರೋಗ್ರಾಮಿಗೂ ಸಾಹಿತ್ಯ ಕೃತಿಯ, ಚಿತ್ರಗಳಿಗೆ ಕಲಾಕೃತಿಯ ರಕ್ಷಣೆಯಿದೆ. ಆದರೆ ವಿಚಾರಕ್ಕೆ ಒಡೆತನವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ, ನಾಟಕವೊಂದನ್ನು ಸಿನಿಮಾ ಮಾಡಿದರೆಂಬ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ಮೇಲ್ಗಡೆ ಲಾಂಛನ, ಪಕ್ಕದಲ್ಲಿ ಪಟ್ಟಿ ಎಂಬಂಥ ಎಲ್ಲರೂ ಬಳಸುವ ಜೋಡಣೆಯ ಮೇಲೆ ಯಾರೂ ಹಕ್ಕು ಸಾಧಿಸಲಾಗದು. ಪೈಪೋಟಿಯ ಆರೋಗ್ಯಕ್ಕೆ ಈ ಮಿತಿ ಅತ್ಯಗತ್ಯ.

ವಿನ್ಯಾಸದ ಒಡೆತನ ಯಾರದೆಂಬುದೂ ಮುಖ್ಯ. ಸಂಬಳದ ನೌಕರ ಕೆಲಸದ ಭಾಗವಾಗಿ ರಚಿಸಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಹೊರಗಿನ ವಿನ್ಯಾಸಗಾರ ಮಾಡಿಕೊಟ್ಟದ್ದರ ಒಡೆತನ, ಹಕ್ಕನ್ನು ಲಿಖಿತವಾಗಿ ವರ್ಗಾಯಿಸದಿದ್ದರೆ, ಸಾಮಾನ್ಯವಾಗಿ ಅವನಲ್ಲೇ ಉಳಿಯುತ್ತದೆ. ಅವನು ಅದೇ ಮಾದರಿಯನ್ನು ಪ್ರತಿಸ್ಪರ್ಧಿಗೂ ಕೊಟ್ಟರೆ ಹಣ ತೆತ್ತ ಮೊದಲ ಸಂಸ್ಥೆಯ ದೂರು ದುರ್ಬಲವಾಗುತ್ತದೆ. ನಕಲಿನ ಎಷ್ಟೋ ಜಗಳಗಳನ್ನು ಮೊದಲೇ ತಡೆಯಬಲ್ಲದ್ದು ಹಕ್ಕು ವರ್ಗಾವಣೆಯ ಒಂದು ಕರಾರುಪತ್ರ.