ಮೂಡಲ ಬಾಗಿಲಿಂದ ಮನೆಗೆ: ಒಂದು ದಿನ, ಸಾವಿರ ವರ್ಷ

ವೀಕೆಂಡ್ ಟ್ರಿಪ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಎರಡೇ ಹೆಸರು: ಹಂಪಿ, ಇಲ್ಲವೇ ಹಳೇಬೀಡು. ಹಳೆಯ ಕಲ್ಲು ನೋಡಬೇಕು, ಆ ಸೀಮೆಯದೇ ಆದ ಏನಾದರೂ ತಿನ್ನಬೇಕು, ರಾತ್ರಿ ಮನೆಗೇ ಬಂದು ಮಲಗಬೇಕು ಅನ್ನುವವರಿಗೆ ಅಷ್ಟು ದೂರ ಯಾಕೆ? ಇಂದಿರಾನಗರದ ಪಕ್ಕದಲ್ಲೇ ಹಾದುಹೋಗುವ ಹಳೇ ಮದ್ರಾಸ್ ರಸ್ತೆ ಸಾಕು.

ಒಂದೇ ಒಂದು ಉಪಾಯ. ದಾರಿಯಲ್ಲಿ ಎಲ್ಲೂ ನಿಲ್ಲದೆ ಮೊದಲು ಮುಳಬಾಗಿಲಿಗೆ ಹೋಗಿಬಿಡಿ. ನೋಡುವುದೆಲ್ಲ ವಾಪಸ್ ಬರುವಾಗ. ಯಾಕೆಂದರೆ ಬರುವ ದಾರಿಯಲ್ಲಿ ಊರುಗಳು ಇತಿಹಾಸದ ಕ್ರಮದಲ್ಲೇ ಸಿಗುತ್ತವೆ: ಆವನಿ 10ನೇ ಶತಮಾನ, ಕೋಲಾರ 11, ದೊಮ್ಮಲೂರು 13, ಹಲಸೂರು 16, ದಂಡು 19!

ಬೆಳಿಗ್ಗೆ ಐದೂವರೆಗೆ ಹೊರಟರೆ ಕೆ.ಆರ್.ಪುರದ ತೂಗುಸೇತುವೆ ಖಾಲಿ ಇರುತ್ತದೆ. ಹೊಸಕೋಟೆ, ಕೋಲಾರ ದಾಟಿ ಮುಳಬಾಗಿಲು. ಸುಮಾರು 90 ಕಿ.ಮೀ. ಮೂಡಲ ಬಾಗಿಲು ಅನ್ನುವುದೇ ಮುಳಬಾಗಿಲು ಆಗಿದೆ. ಇಲ್ಲಿನ ದೋಸೆಯ ಹೆಸರು ಕೇಳೇ ಇರುತ್ತೀರಿ. ದಪ್ಪ, ಕೆಳಗೆ ಕೆಂಪಗೆ ಗರಿಗರಿ, ಮೇಲೆ ಮೆತ್ತಗೆ, ಜೊತೆಗೆ ಆಲೂಗೆಡ್ಡೆ ಪಲ್ಯ, ಖಾರದ ಚಟ್ನಿ. ಎರಡು ತಿಂದರೆ ಮಧ್ಯಾಹ್ನದವರೆಗೂ ಚಿಂತೆಯಿಲ್ಲ.

ಅಲ್ಲಿಂದ ಹದಿಮೂರು ಕಿ.ಮೀ. ಆಚೆ ಆವನಿ. ಬೆಟ್ಟದ ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ಗುಡಿಗಳ ಗುಂಪು, ನೊಳಂಬರ ಕಾಲದ್ದು. ಇಲ್ಲಿಯ ಒಂದು ಶಾಸನ ತ್ರಿಭುವನಕರ್ತ ಎಂಬ ಯತಿಯ ಬಗ್ಗೆ ಹೇಳುತ್ತದೆ. ನಲವತ್ತು ವರ್ಷ ಈ ಸ್ಥಾನವನ್ನು ಆಳಿ, ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದನಂತೆ. ಅಂದಹಾಗೆ, ಆ ಯತಿಗೆ ನೀವು ತಿಂದ ಪಲ್ಯದ ಆಲೂಗೆಡ್ಡೆಯೂ ಗೊತ್ತಿರಲಿಲ್ಲ, ಚಟ್ನಿಯ ಮೆಣಸಿನಕಾಯಿಯೂ ಗೊತ್ತಿರಲಿಲ್ಲ. ಎರಡೂ ಅಮೆರಿಕಾ ಖಂಡದವು. ಪೋರ್ಚುಗೀಸರು ಬಂದಮೇಲೆ ಈ ಕಡೆ ತಲುಪಿದವು. ಅವನ ಕಾಲದ ಊಟ ಬೇಕಿದ್ದರೆ ಮಧ್ಯಾಹ್ನ ಕೋಲಾರದಲ್ಲಿ ರಾಗಿಮುದ್ದೆ, ಹುರುಳಿ ಸಾರು ಹುಡುಕಿ. ಸಾರಿನಲ್ಲಿ ಒಣಮೆಣಸಿನಕಾಯಿ ಇರುತ್ತದೆ, ಅದನ್ನು ಕ್ಷಮಿಸಿಬಿಡಿ.

ಊಟಕ್ಕೆ ಮುಂಚೆ, ಗುಡಿ ಬಾಗಿಲು ಹಾಕುವುದರೊಳಗೆ, ಕೋಲಾರಮ್ಮನ ದರ್ಶನ. ಕೋಲಾರ ಗಂಗರ ಕುವಲಾಲಪುರ. ಆದರೆ ಕೋಲಾರಮ್ಮನ ಗುಡಿಯ ಗೋಡೆಯ ಮೇಲಿರುವುದು ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳು.

ತಮಿಳು ಅಂದೆನಲ್ಲ, ಈಗ ನಮ್ಮೂರಿಗೆ ಬರೋಣ. ಹಲಸೂರು, ಶಿವಾಜಿನಗರದ ಕಡೆ ಕನ್ನಡ ಕೇಳಿಸುವುದೇ ಇಲ್ಲ ಅಂತ ನಾವೆಲ್ಲ ಗೊಣಗುತ್ತೇವೆ. 1809ರಲ್ಲಿ ಕಂಪನಿ ಸರ್ಕಾರ ಶ್ರೀರಂಗಪಟ್ಟಣದ ಮಲೇರಿಯಾಕ್ಕೆ ಹೆದರಿ ಸೈನ್ಯವನ್ನು ಹಲಸೂರಿನ ಪಕ್ಕಕ್ಕೆ ತಂದಿತು, ಅದರ ಹಿಂದೆ ಮದ್ರಾಸ್ ಕಡೆಯ ಜನ ಬಂದರು, ತಮಿಳು ಬಂತು ಅನ್ನುವುದು ನಮ್ಮ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ದೊಮ್ಮಲೂರಿನ ಚೊಕ್ಕನಾಥ ಗುಡಿಯ 13ನೇ ಶತಮಾನದ ಶಾಸನ ಓದಿದವರು ಅದರಲ್ಲಿ ಊರಿಗೆ ತೊಂಬಲೂರು ಅಂತಲೂ ದೇಶಿಮಾಣಿಕ್ಕಪಟ್ಟಣ ಅಂತಲೂ ಹೆಸರಿದೆ ಅನ್ನುತ್ತಾರೆ. ಭಾಷೆ ತಮಿಳು. ಆಳುತ್ತಿದ್ದವನು ಯಾರು? ಹೊಯ್ಸಳ ರಾಮನಾಥ! ಅಪ್ಪ ಸೋಮೇಶ್ವರ ರಾಜ್ಯ ಹಂಚಿದಾಗ ಅವನಿಗೆ ತಮಿಳು ಸೀಮೆಯೂ ಈ ಕೋಲಾರದ ಕಡೆಯೂ ಬಂದಿದ್ದವು. ಕನ್ನಡ ಮನೆತನದ ದೊರೆಯ ಕಾಲದಲ್ಲಿ ತಮಿಳು ಶಾಸನ. ಅದಕ್ಕೂ ಮುನ್ನೂರು ವರ್ಷ ಹಿಂದೆ, ಇಂದಿನ ಆಂಧ್ರದ ಗಡಿಗೆ ಹತ್ತಿರದ ಆವನಿಯಲ್ಲಿ ಕನ್ನಡ ಶಾಸನ.

ಬೋರ್ಡುಗಳಲ್ಲಿ ಕನ್ನಡ ಇರಲೇಬೇಕು ಎಂದು ಕೇಳುವುದು ನಮ್ಮ ಹಕ್ಕು, ಕೇಳೋಣ. ಆದರೆ ಆ ಹಕ್ಕಿಗೆ "ಅವರು ನಿನ್ನೆ ಮೊನ್ನೆ ಬಂದವರು" ಅನ್ನುವ ಆಧಾರ ಬೇಕಿಲ್ಲ, ಕಲ್ಲುಗಳು ಅದಕ್ಕೆ ಸಾಕ್ಷಿ ಹೇಳುವುದೂ ಇಲ್ಲ. ಈ ರಸ್ತೆಯಲ್ಲಿ ಎರಡೂ ಭಾಷೆ, ಜೊತೆಗೆ ತೆಲುಗು, ಮೊದಲಿನಿಂದಲೂ ಓಡಾಡಿವೆ. ಮುಳಬಾಗಿಲಿನ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನ ಮಾತಿಗೆ ಕಿವಿಗೊಟ್ಟರೂ ಗೊತ್ತಾಗುತ್ತದೆ.

ಸಂಜೆ ಹಲಸೂರಿನ ಸೋಮೇಶ್ವರ ಗುಡಿ. ಇಂದು ಕಾಣುವ ಗೋಪುರ, ಕಂಬಗಳಲ್ಲಿ ವಿಜಯನಗರದ ಶೈಲಿ ಎದ್ದು ಕಾಣುತ್ತದೆ. ಗುಡಿಯ ಬಳಿ ಮಣ್ಣಿನಡಿ ಹುಗಿದುಹೋಗಿದ್ದ ಕಲ್ಯಾಣಿ 2010ರಲ್ಲಿ ಮತ್ತೆ ಬೆಳಕಿಗೆ ಬಂತು. ಇಂಥದ್ದು ಇನ್ನೆಷ್ಟು ಅಪಾರ್ಟ್‌ಮೆಂಟುಗಳ ಕೆಳಗೆ ಇವೆಯೋ!

ಕೊನೆಗೆ ಶಿವಾಜಿನಗರ. ರಸೆಲ್ ಮಾರ್ಕೆಟ್ ಸುತ್ತಮುತ್ತ ತಿನ್ನುವವರಿಗೆ ಕಬಾಬ್, ಉಳಿದವರಿಗೆ ಸಮೋಸ, ಸುಲೈಮಾನಿ ಚಹಾ. ಇದರ ಹಳೆಯ ಹೆಸರು ಬ್ಲ್ಯಾಕ್‌ಪಲ್ಲಿ. ಅದು ಬಿಳಿಅಕ್ಕಿ ಹಳ್ಳಿ ಅನ್ನುವವರಿದ್ದಾರೆ, ಅಲ್ಲ, ಬಿಳಿಹಕ್ಕಿ ಅನ್ನುವವರೂ ಇದ್ದಾರೆ. ಚಹಾ ಕುಡಿಯುತ್ತಾ ನೀವೂ ಒಂದು ಪಕ್ಷ ಸೇರಿಕೊಳ್ಳಿ. ನನ್ನ ಓಟು ಅಕ್ಕಿಗೆ.